ರಾಜನ ಅರ್ಧ ಗಂಟೆ

ಸಂಜೆ ನಾಲ್ಕು ಹೊಡೆದದ್ದೇ ತಡ, ಸಾರ್ಜೆಂಟ್ ಇಂಗಾ ಫ್ಲೆಟ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಸಮವಸ್ತ್ರದ ಮೇಲೆ ಅಣ್ಣನ ಹಳೆಯ ಉಣ್ಣೆ ಕೋಟು ಏರಿಸಿ, ಜೆಸ್ಸಿಮಾಳ ಮೀನಂಗಡಿಯಿಂದ ಬಿಸಿ ಆಲೂಗಡ್ಡೆ ಚಿಪ್ಸ್ ಕಟ್ಟಿಸಿಕೊಂಡು, ಠಾಣೆಯ ಎದುರಿನ ಬೆಂಚಿನ ಮೇಲೆ ಕೂತಳು. ಹಡಗುಕಟ್ಟೆ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಕಾಣದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು.

"ಏನೇ ಹುಡುಗಿ, ರಾಣಿ ಹಾಗೆ ಕೂತಿದ್ದೀಯ!" ಎಂದಳು ಜೆಸ್ಸಿಮಾ ಅಂಗಡಿ ಬಾಗಿಲಿಂದ. ಇಂಗಾಗೆ ನಲವತ್ತೆಂಟು ತುಂಬಿದ್ದರೂ ಎಪ್ಪತ್ತರ ಜೆಸ್ಸಿಮಾಗೆ ಅವಳು ಹುಡುಗಿಯೇ.

"ನಾಲ್ಕಾಯ್ತಲ್ಲ ಜೆಸ್ಸಿಮಾ. ನನ್ನ ಕೆಲಸ ಮುಗೀತು."

"ಹತ್ತೊಂಬತ್ತು ವರ್ಷದಲ್ಲಿ ಒಂದಿನಾನೂ ನಿನ್ನ ಕೆಲಸ ನಾಲ್ಕಕ್ಕೆ ಮುಗಿದಿದ್ದು ನಾನು ನೋಡಿಲ್ಲ."

ಅದು ನಿಜ. ಪೊಲೀಸರು ಪಾಳಿ ಮುಗಿದ ಮೇಲೂ ದುಡಿದರೆ ಮೊದಲ ಅರ್ಧ ಗಂಟೆಗೆ ಬಿಡಿಗಾಸಿಲ್ಲ. ಅದು ದೇಶದ ರಾಜನಿಗೆ ಪುಕ್ಕಟೆ ಸೇವೆ ಎಂಬುದು ಅಜ್ಜಂದಿರ ಕಾಲದ ಪದ್ಧತಿ. ಸ್ಟೆನ್‌ಸೇ ದ್ವೀಪದಲ್ಲಿ ಇಂಗಾ ಆ ಅರ್ಧ ಗಂಟೆಯನ್ನು ಹಡಗುಕಟ್ಟೆಯ ರಸ್ತೆಕವಲಿನಲ್ಲಿ ನಿಂತು ಕಳೆಯುತ್ತಿದ್ದಳು. ಮಂಗಳವಾರ, ಗುರುವಾರ ಹಡಗು ಬಂದಾಗ ಗಾಡಿಗಳಿಗೆ ಎರಡು ಸಲ ಕೈಬೀಸಿ ನಾಲ್ಕು ಜನರ ಯೋಗಕ್ಷೇಮ ವಿಚಾರಿಸಿ ಮನೆಗೆ ಹೋಗುತ್ತಿದ್ದಳು. ಅದೂ ಒಂದು ಕೆಲಸ ಎಂದು ಅವಳಿಗೇ ಅನ್ನಿಸಿರಲಿಲ್ಲ.

ಈಗ ರಾಜಧಾನಿ ಎಡಿನ್‌ಬರೋದ ಸಂಬಳ ಸಮಿತಿ ದ್ವೀಪಗಳ ಪೊಲೀಸರ ವಿಶೇಷ ಭತ್ಯೆಯನ್ನೇ ಕಿತ್ತುಹಾಕಲು ಹೊರಟಿತ್ತು. ದಾಖಲೆ ನೋಡಿದರೆ ದ್ವೀಪಗಳಲ್ಲಿ ಏನೂ ನಡೆಯುವುದೇ ಇಲ್ಲ ಎಂಬುದು ಸಮಿತಿಯ ವಾದ. ಸ್ಟೆನ್‌ಸೇಯಲ್ಲಿ ಹೋದ ವರ್ಷ ಕಳುವಾದದ್ದು ಎರಡು ಸೈಕಲ್ಲು. ಅದರಲ್ಲೊಂದನ್ನು ಪಕ್ಕದ ಮನೆಯವರು ಕೇಳಿಯೇ ಒಯ್ದಿದ್ದರು, ಕೊಟ್ಟವರಿಗೆ ಮರೆತುಹೋಗಿತ್ತು. ಭತ್ಯೆ ಹೋದರೆ ಠಾಣೆಯ ಇನ್ನೊಬ್ಬ ಪೊಲೀಸು ಡೇವಿ ಲಿಯಾಸ್ಕ್, ಹಸುಗೂಸು ಕಟ್ಟಿಕೊಂಡು ಇಲ್ಲಿ ಬಾಳುವೆ ಮಾಡಲಾರದೆ ವರ್ಗ ಕೇಳುತ್ತಾನೆ. ಅವನು ಹೋದರೆ ಠಾಣೆಗೆ ಬೀಗ. ಇಂಗಾ ಯಾವುದೋ ದೊಡ್ಡ ಊರಿನಲ್ಲಿ, ಹೆಸರು ಗೊತ್ತಿಲ್ಲದ ಜನರ ನಡುವೆ ಉಳಿದ ನೌಕರಿ ಮುಗಿಸಬೇಕು.

ಪೊಲೀಸರು ಮುಷ್ಕರ ಹೂಡುವಂತಿಲ್ಲ, ಕಾನೂನು ಬಿಡುವುದಿಲ್ಲ. ಹಾಗಾಗಿ ಅವರ ನೌಕರರ ಸಂಘ ಬೇರೆ ದಾರಿ ಹುಡುಕಿತು. ಯಾರ ಜೀವಕ್ಕಾದರೂ ಆಪತ್ತಿದ್ದರೆ ಓಡಬೇಕು. ಇಲ್ಲದಿದ್ದರೆ ಪಾಳಿ ಮುಗಿದ ಮೇಲೆ ರಾಜನಿಗೆ ಒಂದು ನಿಮಿಷವೂ ಪುಕ್ಕಟೆ ಕೊಡಬಾರದು. ಆ ನಿರ್ಣಯ ಬರೆದವಳು, ಅಂಜುತ್ತಿದ್ದವರನ್ನೆಲ್ಲ ಒಪ್ಪಿಸಿದವಳು, ದ್ವೀಪಗಳ ಪ್ರತಿನಿಧಿಯಾದ ಇಂಗಾಳೇ. ನಿರ್ಣಯ ಬುಧವಾರ ಜಾರಿಗೆ ಬಂತು. ಇವತ್ತು ಗುರುವಾರ. ಸಮಿತಿಯ ಕ್ರೈಟನ್ ಸಾಹೇಬರು ನಾಳೆಯ ಸಭೆಗೆಂದು ಇದೇ ಹಡಗಿನಲ್ಲಿ ಬರುವವರಿದ್ದರು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಹಡಗು ಬಾಯಿ ತೆರೆಯಿತು. ಕಾರುಗಳು ಇಳಿದವು. ಅತ್ತ ಕಡೆಯಿಂದ ಹಡಗು ಹತ್ತಲು ದನದ ಲಾರಿಗಳು ಬಂದವು, ಗುಡ್ಡದ ಕಡೆಯಿಂದ ಶಾಲೆಯ ಬಸ್ಸು ಇಳಿಯಿತು. ಎಲ್ಲ ಕವಲಿನಲ್ಲಿ ಎದುರುಬದುರಾಗಿ ನಿಂತವು.

ನಿಂತೇ ಬಿಟ್ಟವು.

ಇಂಗಾ ಚಿಪ್ಸ್ ಬಾಯಿಗಿಡುವುದನ್ನು ಮರೆತಳು. ಬಸ್ಸಿನ ಡ್ರೈವರು ದೀಪ ಮಿಣುಕಿಸಿ, ನೀವು ಮೊದಲು ಹೋಗಿ ಎಂದು ಮೊದಲ ಲಾರಿಯ ಡ್ರೈವರು ರೆಂಡಲ್‌ಗೆ ಸನ್ನೆ ಮಾಡಿದ. ರೆಂಡಲ್ ಎದೆಯ ಮೇಲೆ ಕೈಯಿಟ್ಟು, ಛೆ ಛೆ, ನೀವು ಎಂದ. ಹಿಂದಿನ ಕಾರಿನ ವಿಧವೆ ಟೀಚರು ಇಬ್ಬರಿಗೂ ಕೈಬೀಸಿದಳು. ಸ್ಟೆನ್‌ಸೇಯಲ್ಲಿ ಒಬ್ಬರನ್ನು ದಾಟಿ ಮುಂದೆ ನುಗ್ಗುವುದೆಂದರೆ ಮೂರು ತಲೆಮಾರು ಆಡಿಕೊಳ್ಳುವ ಮಾತು. ಯಾರೂ ಹಾರನ್ ಒತ್ತಲಿಲ್ಲ. ಎಲ್ಲರ ಮುಖದಲ್ಲೂ ನಗು, ಒಂದು ಚಕ್ರವೂ ಉರುಳಲಿಲ್ಲ.

ತಾನು ಇಷ್ಟು ವರ್ಷ ಅಲ್ಲಿ ನಿಂತು ಮಾಡುತ್ತಿದ್ದುದು ಏನೆಂದು ಇಂಗಾಗೆ ಆಗ ಹೊಳೆಯಿತು. ಪೊಲೀಸಮ್ಮ ಹೋಗು ಅಂದರೆ ಹೋದವನದು ತಪ್ಪಲ್ಲ. ಈ ಊರಿಗೆ ಬೇಕಾಗಿದ್ದದ್ದು ಅಷ್ಟೇ! ಅವಳ ಕಾಲು ತಾನಾಗಿ ಎದ್ದುನಿಂತಿತು. ಅವಳು ಅದನ್ನು ಬಲವಂತವಾಗಿ ಕೂರಿಸಿದಳು.

ಡೇವಿ ಓಡಿ ಬಂದ. "ಮೇಡಂ, ಒಂದೇ ಒಂದು ಸಲ ಕೈ ಬೀಸಿ ಬರ್ಲಾ?"

"ನಿನ್ನ ಕೈ ಮುರೀತೀನಿ. ಕೂತ್ಕೋ. ಚಿಪ್ಸ್ ತಿನ್ನು."

ಟ್ಯಾಕ್ಸಿಯೊಂದರಿಂದ ತೆಳ್ಳಗಿನ ಗಂಡಸೊಬ್ಬ ಇಳಿದು ಬಂದ. ಒಳ್ಳೆಯ ಕೋಟು, ಸಮುದ್ರದ ಓಲಾಟಕ್ಕೆ ಹಸಿರುಗಟ್ಟಿದ ಮುಖ. ಕೋಟಿನ ಕೆಳಗೆ ಇಣುಕುತ್ತಿದ್ದ ಇಂಗಾಳ ಸಮವಸ್ತ್ರವನ್ನು ನೋಡಿ, "ನೀವು ಪೊಲೀಸಾ?" ಎಂದ.

"ನಾಲ್ಕು ಗಂಟೆವರೆಗೂ ಆಗಿದ್ದೆ. ನೀವು ಕ್ರೈಟನ್ ಸಾಹೇಬ್ರು ಅಲ್ವಾ? ಬನ್ನಿ, ಚಿಪ್ಸ್ ತಗೊಳ್ಳಿ."

ಅವರಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು. "ಓಹೋ, ಇದು ನಿಮ್ಮ ಸಂಘದ ನಾಟಕ."

"ನಾಟಕ ಆಡ್ತಿರೋರು ನಾವಲ್ಲ ಸಾರ್, ನಾವು ಸುಮ್ನೆ ಕೂತಿದ್ದೀವಿ."

"ಎರಡು ಗಾಡಿ ಹಿಂದೆ ಮುಂದೆ ಮಾಡ್ಸೋಕೆ ಪೊಲೀಸೇ ಬೇಕಾ? ಯಾರು ಬೇಕಾದ್ರೂ ಮಾಡಬಹುದು," ಎಂದು ಕ್ರೈಟನ್ ತಾವೇ ಕವಲಿಗೆ ನಡೆದರು.

ಇಪ್ಪತ್ತು ನಿಮಿಷ ಅವರು ಅಲ್ಲಿ ಪಟ್ಟ ಪಾಡು ಸ್ಟೆನ್‌ಸೇ ಜನರ ಬಾಯಲ್ಲಿ ಇವತ್ತಿಗೂ ಇದೆ. ಅವರು ಕೈ ಬೀಸಿದರೆ ರೆಂಡಲ್ ಕಿಟಕಿ ಇಳಿಸಿ, "ಯಾರ ಮನೆಗೆ ಬಂದಿರೋ ನೆಂಟರು ನೀವು?" ಎಂದು ಕೇಳಿದ. ಬಸ್ಸಿನವನು, ನೆಂಟರು ರಸ್ತೆಯಲ್ಲಿ ನಿಂತಿರುವಾಗ ನಾನು ಹೇಗೆ ಹೋಗಲಿ ಎಂದು ಎಂಜಿನ್ನನ್ನೇ ಆರಿಸಿದ. ಟೀಚರು ಅವರ ಬಿಳುಚಿದ ಮುಖ ನೋಡಲಾರದೆ ಆರು ಮೊಟ್ಟೆಗಳ ಚೀಲ ಕೈಗಿತ್ತಳು. ದನಗಳು ಕೂಗಿದವು. ಸಮುದ್ರದ ಇಳಿತ ಶುರುವಾದರೆ ಕಟ್ಟೆ ಬಿಡಲಾಗದ ಹಡಗಿನ ಕಪ್ತಾನ ಸಿಳ್ಳೆಯ ಮೇಲೆ ಸಿಳ್ಳೆ ಊದಿಸಿದ.

ನಾಲ್ಕೂ ಮುಕ್ಕಾಲಿಗೆ ಕ್ರೈಟನ್ ಮೊಟ್ಟೆಯ ಚೀಲದೊಂದಿಗೆ ಬೆಂಚಿಗೆ ಬಂದು ಕುಸಿದರು.

"ಅಮ್ಮಾ," ಎಂದರು, "ದಯವಿಟ್ಟು."

ಇಂಗಾಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಆದರೆ ಕರುಣೆಯಿಂದ ಎದ್ದರೆ ಸಂಘದ ಮಾನ ಇದೇ ಕಟ್ಟೆಯಲ್ಲಿ ಮುಳುಗುತ್ತದೆ. "ಪಾಳಿ ಮುಗಿದ ಮೇಲೆ ಕರೀಬೇಕಾದ್ರೆ ಬರ್ದು ಕೊಡ್ಬೇಕು ಸಾರ್. ಯಾಕೆ ಬೇಕು ಅನ್ನೋದನ್ನೂ ಬರೀಬೇಕು. ಆಗ ಅದು ಪುಕ್ಕಟೆ ಅಲ್ಲ. ಹೋದ ವರ್ಷ ನಿಮ್ಮ ಸಮಿತಿಯೋರೇ ಮಾಡಿದ ನಿಯಮ."

ಕ್ರೈಟನ್ ಜೆಸ್ಸಿಮಾಳಿಂದ ಮೀನು ಕಟ್ಟುವ ಕಾಗದ ಇಸಿದುಕೊಂಡು, ಮೊಣಕಾಲ ಮೇಲಿಟ್ಟು ಬರೆದು, ಸಹಿ ಹಾಕಿ ಕೊಟ್ಟರು.

ಇಂಗಾ ಟೋಪಿ ತಂದು ಹಾಕಿಕೊಂಡು ಕವಲಿಗೆ ಹೋದಳು. "ರೆಂಡಲ್, ಹೊರಡು, ದನ ಅಳ್ತಿವೆ. ಬಸ್ಸು, ನೀನು ಹಿಂದೆ ಸರಿ. ಟೀಚರೇ, ಸಾಕು ನಿಮ್ಮ ಉಪಚಾರ, ನಡೀರಿ!" ನಾಲ್ಕು ನಿಮಿಷದಲ್ಲಿ ರಸ್ತೆ ಖಾಲಿ. ಎಲ್ಲರ ಮುಖದಲ್ಲೂ ಸಾಲ ತೀರಿಸಿದವರ ನೆಮ್ಮದಿ.

ಮರುದಿನ ಶಾಲೆಯ ಹಜಾರದಲ್ಲಿ ಸಭೆ. ಇಂಗಾ ಎಂಟು ಪುಟದ ಭಾಷಣ ಬರೆದಿಟ್ಟುಕೊಂಡಿದ್ದಳು. ಕ್ರೈಟನ್ ಎದ್ದು, ಎಡಿನ್‌ಬರೋದಿಂದಲೇ ಬರೆದು ತಂದಿದ್ದ ವರದಿಯ ಮೊದಲ ಸಾಲು ಓದಿದರು: "ದ್ವೀಪಗಳ ಪೊಲೀಸರು ಮಾಡುವ ಕೆಲಸದಲ್ಲಿ ವಿಶೇಷವೇನೂ ಕಂಡುಬಂದಿಲ್ಲ."

ಇಂಗಾ ಎಂಟು ಪುಟವನ್ನೂ ಮಡಿಸಿ ಜೇಬಿಗಿಟ್ಟಳು. ಮೀನಿನ ವಾಸನೆಯ ಕಾಗದವನ್ನು ಅವರ ಮುಂದಿಟ್ಟಳು. "ಇದನ್ನೂ ತಾವೇ ಓದ್ಬಿಡಿ ಸಾರ್. ಅಕ್ಷರ ತಮ್ಮದೇ."

ಕ್ರೈಟನ್ ಕಾಗದ ಎತ್ತಿಕೊಂಡು ಓದಿದರು: "ಈ ಕವಲಿನಲ್ಲಿ ನಿಲ್ಲುವ ಕೆಲಸ ಅತ್ಯಗತ್ಯ. ನಾನು ಇಪ್ಪತ್ತು ನಿಮಿಷ ಪ್ರಯತ್ನಿಸಿ ಸೋತಿದ್ದೇನೆ. ಇಲ್ಲಿಯ ಜನರನ್ನು ಹೆಸರು ಹಿಡಿದು ಬಲ್ಲವರಲ್ಲದೆ ಬೇರೆಯವರಿಂದ ಇದು ಸಾಧ್ಯವಿಲ್ಲ."

ಹಜಾರದಲ್ಲಿ ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಕೊನೆಗೆ ಕ್ರೈಟನ್ನರಿಗೇ ತಡೆಯಲಾಗಲಿಲ್ಲ. ಅವರು ಪೆನ್ನು ತೆಗೆದು ವರದಿಯ ಮೊದಲ ಸಾಲಿನ ಮೇಲೆ ಗೆರೆ ಎಳೆದರು, ಮೀನಿನ ಕಾಗದವನ್ನು ಅದರ ಮೇಲೆ ಪಿನ್ನು ಮಾಡಿದರು.

ಮೂರು ವಾರದ ಮೇಲೆ ಪತ್ರ ಬಂತು. ಭತ್ಯೆ ಉಳಿದಿತ್ತು. ಡೇವಿ ಠಾಣೆಯ ಮೆಟ್ಟಿಲ ಮೇಲೆ ಕೂತು, ಹೆಂಡತಿಗೆ ಫೋನಿನಲ್ಲಿ ಅದನ್ನೇ ಎರಡೆರಡು ಸಲ ಓದಿ ಹೇಳಿದ. ಇಂಗಾ ಒಳಗೆ ಹೋಗಿ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡು ಬಂದಳು. ಪತ್ರದ ಕೊನೆಯಲ್ಲಿ ಒಂದು ಕಟ್ಟಪ್ಪಣೆಯೂ ಇತ್ತು: ಇನ್ನು ಮೇಲೆ ಆ ಅರ್ಧ ಗಂಟೆಯಲ್ಲಿ ಮಾಡಿದ ಕೆಲಸವನ್ನೂ ಅದರ ಕಾರಣವನ್ನೂ ದಿನಚರಿಯಲ್ಲಿ ದಾಖಲಿಸಬೇಕು.

ಸಂಘ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು. ಆ ವಾರದ ಗುರುವಾರ ನಾಲ್ಕು ಹೊಡೆದಾಗ ಇಂಗಾ ಟೋಪಿ ತೆಗೆಯಲಿಲ್ಲ. ಕವಲಿಗೆ ಹೋಗಿ ನಿಂತಳು. ಗಾಡಿಗಳನ್ನು ಬಿಟ್ಟಳು, ನಾಲ್ಕು ಜನರ ಯೋಗಕ್ಷೇಮ ವಿಚಾರಿಸಿದಳು. ವಾಪಸು ಬಂದು ದಿನಚರಿ ತೆರೆದು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಆ ಕೆಲಸದ ಕಾರಣವನ್ನು ದುಂಡಗೆ ಬರೆದಳು: "ಊರಿನವರ ಮರ್ಯಾದೆ ಮಿತಿ ಮೀರಿತ್ತು."