ಅಮಾವಾಸ್ಯೆಗೆ ತೊಳೆದ ಸ್ಕೂಟಿ

ಭೀಮರಾಯನಗುಡಿಯ ಕಚೇರಿಗೆ ಹೊತ್ತಾಗಿತ್ತು, ಸ್ಕೂಟಿ ಮಾತ್ರ ಚಾಲೂ ಆಗಲೊಲ್ಲದು. ಗುರುದೇವಿ ಪೆಟ್ರೋಲ್ ನೋಡಿದಳು, ಪ್ಲಗ್ ಬಿಚ್ಚಿ ಒರೆಸಿದಳು, ಕಿಕ್ ಹೊಡೆದು ಹೊಡೆದು ಸುಸ್ತಾದಳು. "ಈ ದರಿದ್ರ ಗಾಡಿಗೆ ಏನಾಗ್ಯಾದ!" ಎಂದು ಒದೆಯಲು ಹೋದವಳಿಗೆ ಸೈಲೆನ್ಸರಿನ ಬಾಯಲ್ಲಿ ತುರುಕಿದ್ದ ಹಸಿರು ಬಟ್ಟೆ ಕಂಡಿತು. ಅತ್ತೆಯ ಹಳೆಯ ಸೀರೆಯ ತುಂಡು.

"ಇವತ್ತ ಅಮಾಸಿ ಅಲ್ಲೇನವಾ, ಪೂಜಿಗಂತ ನಸುಕಿನ್ಯಾಗ ನಾನೇ ಗಾಡಿ ತೊಳದೀನಿ," ಎಂದರು ಅತ್ತೆ ಗೊಲ್ಲಾಳಮ್ಮ, ವಿಭೂತಿ ಹಿಡಿದು ಬರುತ್ತಾ. "ಒಳಗ ನೀರು ಹೋಗಬಾರದಂತ ಅರಬಿ ತುರುಕಿದ್ದೆ. ತಗಿಯೋದು ಮರ್ತೇ ಬಿಟ್ಟೆ."

ಗಾಡಿ ತಂದ ದಿನ, ಹೆಣ್ಮಕ್ಕಳಿಗೆ ಇದೆಲ್ಲ ಯಾಕೆಂದು ಸೊಸೆಯೊಡನೆ ಮಾತು ಬಿಟ್ಟವರು ಇವರೇ. ಗುರುದೇವಿಯ ಸಿಟ್ಟು ಜರ್ರನೆ ಇಳಿಯಿತು. ಬಟ್ಟೆ ಎಳೆದು ಗುಂಡಿ ಒತ್ತಿದಳು; ಗಾಡಿ ಗುರ್ರೆಂದಿತು.

"ಆಫೀಸಿಗೆ ಹೊತ್ತಾದ್ರ ಆಗ್ಲಿ. ಹತ್ರೀ ಅತ್ತಿ, ಮೊದಲು ನಿಮ್ಮನ್ನ ಓಣಿ ತುಂಬ ತಿರುಗಿಸ್ತೀನಿ."