ತಿರುವಿನ ಕಲ್ಲು

ಅವನು ಗಡಿಯಾರ ರಿಪೇರಿ ಮಾಡುವವನು. ಸುಮ್ಮನೆ ಕೂರುವುದು ಜಾಯಮಾನದಲ್ಲೇ ಇಲ್ಲ. ಮೆಟ್ಟಿಲಿನಿಂದ ಗೇಟಿನವರೆಗೆ, ಕಾರು ಬರಲೆಂದು ಸಿಮೆಂಟ್ ಬ್ಲಾಕು ಹಾಸಿದ ದಾರಿಯೆಂದರೆ ಅವನಿಗೆ ಪಂಚಪ್ರಾಣ. ಕಾರು ಮಾರಿ ಎಷ್ಟೋ ಕಾಲವಾಗಿತ್ತು, ದಾರಿಯ ಉಪಚಾರ ಮಾತ್ರ ನಿಂತಿರಲಿಲ್ಲ. ಸಂದಿಯಲ್ಲಿ ಹುಲ್ಲು ತಲೆ ಎತ್ತಿದರೆ ಹಳೆಯ ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯುವನು, ಪಾಚಿ ಕಂಡರೆ ಬ್ರಷ್ಷು ಹಿಡಿದು ಮಂಡಿಯೂರುವನು. ಬೆಳಿಗ್ಗೆ ಪೈಪು ಬಿಟ್ಟು ತೊಳೆದಾಗ ಆಕಾಶವೇ ಬಂದು ದಾರಿಯಲ್ಲಿ ಮಲಗುತ್ತಿತ್ತು. ಮೋಡಗಳು ಮೆಟ್ಟಿಲ ಬುಡದಿಂದ ಹೊರಟು, ಗುಲಾಬಿ ಗಿಡದ ಬಳಿ ತಿರುಗಿ, ಗೇಟಿನಡಿ ನುಸುಳಿ ಬೀದಿಗೆ ಹೋಗುತ್ತಿದ್ದವು. ಅವನು ಪೈಪು ಹಿಡಿದುಕೊಂಡೇ ಮೈಮರೆಯುತ್ತಿದ್ದ.

“ಮೋಡಕ್ಕೆ ಎಷ್ಟು ನೀರು ಕುಡಿಸ್ತೀಯೋ? ಟ್ಯಾಂಕು ಖಾಲಿಯಾಗತ್ತೆ” ಎಂದು ಒಳಗಿನಿಂದ ಅಕ್ಕ ಕೂಗುತ್ತಿದ್ದಳು.

ಮನೆಯಲ್ಲಿದ್ದವರು ಅಕ್ಕ, ತಮ್ಮ ಇಬ್ಬರೇ. ದಿನಾ ಬೆಳಿಗ್ಗೆ ಗೇಟಿನ ಡಬ್ಬಿಯಿಂದ ಪೇಪರ್ ತರುವುದು ಅಕ್ಕನ ಕೆಲಸ, ಗಟ್ಟಿಯಾಗಿ ಓದಿ ಹೇಳುವುದು ತಮ್ಮನ ಕೆಲಸ. “ನೀನು ಓದಿದ್ರೇ ಚೆಂದ ಕಣೋ” ಎಂದು ಅಕ್ಕ ಹೊಗಳಿದರೆ ಮಹಾಶಯ ಉಬ್ಬಿಹೋಗುತ್ತಿದ್ದ. ಅದರ ಹಿಂದೆ ಇನ್ನೇನಾದರೂ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಅವನ ನೆಮ್ಮದಿ ಕೆಡಿಸುತ್ತಿದ್ದದ್ದು ಗುಲಾಬಿ ಗಿಡದ ಬಳಿಯ ತಿರುವಿನಲ್ಲಿದ್ದ ಒಂದು ಬ್ಲಾಕು ಕಲ್ಲು. ಕಾಲಿಟ್ಟರೆ ಸಾಕು, ಅಲುಗಾಡಿ ‘ಟಕ್’ ಎನ್ನುತ್ತಿತ್ತು. ಹೊತ್ತುಗೊತ್ತಿಲ್ಲದೆ ಟಕ್ ಎನ್ನುವ ವಸ್ತುವನ್ನು ಗಡಿಯಾರದವನು ಹೇಗೆ ಸಹಿಸಿಯಾನು? ರಿಪೇರಿಯ ಮಾತೆತ್ತಿದಾಗಲೆಲ್ಲ ಅಕ್ಕ, “ಇರ್ಲಿ ಬಿಡೋ, ಅದರ ಪಾಡಿಗೆ ಅದು” ಎಂದು ತೇಲಿಸಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕ ಮಲಗಿದ್ದಾಗ ಅವನು ಕಲ್ಲನ್ನು ಎಬ್ಬಿಸಿದ. ಕೆಳಗೆ ಇರುವೆಗಳು ಮರಳನ್ನೆಲ್ಲ ಸಾಗಿಸಿ ಓಣಿ ಮಾಡಿಕೊಂಡಿದ್ದವು. ಹೊಸ ಮರಳು ತುಂಬಿ, ರಸಮಟ್ಟ ಇಟ್ಟು ನೋಡಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿದ. ಮೇಲೆ ಕುಣಿದರೂ ಕಲ್ಲು ಚಕಾರ ಎತ್ತಲಿಲ್ಲ.

ಮರುದಿನ ಹೊಗಳಿಕೆಗಾಗಿ ಮೆಟ್ಟಿಲ ಮೇಲೆ ಕಾದು ಕೂತ. ಒದ್ದೆ ದಾರಿಯ ಮೇಲೆ, ಮೋಡಗಳ ನಡುವೆ ಅಕ್ಕ ನಿಧಾನವಾಗಿ ನಡೆದಳು. ತಿರುವಿನಲ್ಲಿ ತಿರುಗಲಿಲ್ಲ. ಒಂದು ಗಳಿಗೆ ನಿಂತು, ನೀರಿನ ಆಳ ನೋಡುವವಳಂತೆ ಪಾದ ಚಾಚಿ ಅತ್ತಿತ್ತ ತಡಕಿದಳು. ಆಮೇಲೆ ನೇರ ಹೋಗಿ ಗುಲಾಬಿ ಗಿಡದ ಮುಳ್ಳಿಗೆ ಕೈ ತಾಗಿಸಿಕೊಂಡಳು.

ಅವನು ಮೆಟ್ಟಿಲಿನಿಂದ ಧಡಕ್ಕನೆ ಎದ್ದ. ಓಡಿಹೋದ. ಅಕ್ಕನ ಬೆರಳಲ್ಲಿ ರಕ್ತ ಜಿನುಗುತ್ತಿತ್ತು.

“ಕಲ್ಲು ಸರಿ ಮಾಡಿದ್ಯಾ? ಚೆನ್ನಾಗಿದೆ” ಎಂದಳು, ಅವನಿಲ್ಲದ ಕಡೆ ಮುಖ ಮಾಡಿ.

“ಅಕ್ಕಾ, ಕಣ್ಣು…”

“ಬೆಳಕು ಗೊತ್ತಾಗತ್ತೆ. ಮಿಕ್ಕಿದ್ದು ಮಸುಕು. ಡಾಕ್ಟ್ರು ಇನ್ನೇನೂ ಮಾಡಕ್ಕಾಗಲ್ಲ ಅಂದ್ರು.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕೈ ಹಿಡ್ಕೊಂಡೇ ಓಡಾಡಿಸ್ತಿದ್ದೆ. ಗೇಟಿನವರೆಗಾದ್ರೂ ನಾನು ಒಬ್ಬಳೇ ಹೋಗ್ಬೇಕು ಕಣೋ. ನನಗೆ ಅಂತ ಉಳಿದಿರೋದು ಅದೊಂದೇ.”

ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಹುಲ್ಲಿನ ಎಳೆ ಕಂಡ ಕಣ್ಣಿಗೆ ಅಕ್ಕ ಕಂಡಿರಲಿಲ್ಲ. ಸ್ಕ್ರೂಡ್ರೈವರ್ ತಂದು ಕಲ್ಲು ಕಿತ್ತ.

ಜೀವಮಾನವಿಡೀ ಸಡಿಲವಾದದ್ದನ್ನು ಬಿಗಿ ಮಾಡಿದವನಿಗೆ ಬಿಗಿಯಾದದ್ದನ್ನು ಹದವಾಗಿ ಸಡಿಲಿಸುವುದು ಬರಲಿಲ್ಲ. ಮರಳು ಹೆಚ್ಚಾದರೆ ಕಲ್ಲು ಮೂಕ, ಕಡಿಮೆಯಾದರೆ ಎಡವುವ ಭಯ. ಅಕ್ಕ ಚಪ್ಪಲಿ ಬಿಟ್ಟು ಮತ್ತೆ ಮತ್ತೆ ತುಳಿದು ನೋಡಿದಳು.

“ಊಹೂಂ, ಇದು ಬೇರೆ ಯಾರದೋ ದನಿ.”

ಅವನು ಕಲ್ಲೆತ್ತಿ ಚಿಟಿಕೆ ಮರಳು ತೆಗೆದ, ಮೂಲೆಗೊಂದು ಹರಳು ಇಟ್ಟ. ಬಿಸಿಲೇರಿ ಮೋಡಗಳೆಲ್ಲ ದಾರಿಯಿಂದ ಆರಿಹೋದವು. ಕೊನೆಗೊಮ್ಮೆ ಅಕ್ಕ ಕಾಲಿಟ್ಟಳು.

ಟಕ್.

ಅಕ್ಕನ ಮುಖ ಅರಳಿತು. ಮೆಟ್ಟಿಲವರೆಗೆ ವಾಪಸು ಹೋಗಿ, ಮೊದಲಿನಿಂದ ನಡೆದು ಬಂದು, ಟಕ್ ಎಂದಲ್ಲಿ ತಿರುಗಿ, ಸೀದಾ ಗೇಟಿಗೆ ಹೋದಳು. ಅವನು ಮಂಡಿಯೂರಿದಲ್ಲೇ ಕೈಕಟ್ಟಿ ನೋಡುತ್ತಿದ್ದ, ಏಳಬೇಕೆನಿಸಿದರೂ ಏಳಲಿಲ್ಲ. ಪೇಪರ್ ತಂದು ಅವನ ಕೈಗಿಟ್ಟು ಅಕ್ಕ ಪಕ್ಕದಲ್ಲಿ ಕೂತಳು.

“ಓದು.”

ಅವನು ಪೇಪರ್ ಬಿಡಿಸಿದ. ಅಕ್ಷರಗಳೆಲ್ಲ ನೀರಲ್ಲಿ ತೇಲುತ್ತಿದ್ದವು.

ಅಕ್ಕ ಪೇಪರಿನ ಕಡೆ ಕಿವಿ ವಾಲಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, “ಯಾಕೋ, ನಿನಗೂ ಕಾಣಿಸ್ತಿಲ್ವಾ?”