ಗುರುತು ಒಳಗಿಟ್ಟ ಚೀಲ

ಕಂಪ್ಲಿಯ ಕೊಟ್ರಯ್ಯನ ಅಕ್ಕಿ ಗಿರಣಿಯಿಂದ ಮಠದ ದಾಸೋಹಕ್ಕೆ ಹೋಗುವ ಚೀಲಗಳ ಮೇಲೆ ಗಿರಣಿಯ ಗುರುತು ಕಾಣುತ್ತಿರಲಿಲ್ಲ. ಖಾಲಿ ಚೀಲದ ಒಳಮೈಯನ್ನು ಹೊರಗೆ ತಿರುವಿ, ಗುರುತು ಮರೆಯಾದ ಮೇಲೆಯೇ ಅಕ್ಕಿ ತುಂಬುವುದು ಆ ಮನೆಯ ನಡತೆ. ಬೆಳೆಸಿದವನು ಶಿವ, ಉಣ್ಣುವವನೂ ಶಿವ, ನಡುವೆ ನಮ್ಮ ಮೊಹರು ಯಾಕೆ ಎಂದು ಕೊಟ್ರಯ್ಯ ಹೇಳುತ್ತಿದ್ದ. ಮೊಮ್ಮಗಳು ಪೂಜಿತಾ ಚಿಕ್ಕಂದಿನಿಂದ ಆ ಚೀಲ ತಿರುವಿದವಳು.

ಕಂಪ್ಯೂಟರ್ ಓದು ಮುಗಿಸಿ ಗಿರಣಿಯ ಬಿಲ್ಲು ಬರೆಯಲು ಕೂತ ಅವಳಿಗೆ ಇನ್ನೊಂದು ದಾಸೋಹ ಸಿಕ್ಕಿತು. ಅವಳ ದೊಡ್ಡಪ್ಪನ ಮಗ ಮನೋಹರ್ ಹೊಸಪೇಟೆಯಲ್ಲಿ ಇಂಟರ್ನೆಟ್ ಸೆಂಟರ್ ಇಟ್ಟಿದ್ದ. ಅದಿರು ಲಾರಿ ಮಾಲೀಕರ ಮಕ್ಕಳು ಕೆಂಪು ಧೂಳಿನ ಬೂಟುಗಳಲ್ಲೇ ಬಂದು ಅಲ್ಲಿ ಕೋಟೆ ಕಾಯುವ ಒಂದು ಆಟ ಆಡುತ್ತಿದ್ದರು. ಆ ಆಟ ನಡೆಸುವ ಸರ್ವರ್‌ನ ಕೋಡ್ ಯಾರೊಬ್ಬರ ಸ್ವತ್ತೂ ಅಲ್ಲ. ಯಾವ ದೇಶದವರೂ ಅದನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಎಲ್ಲರಿಗೂ ಮರಳಿ ಕೊಡಬಹುದು. ಆದರೆ ಕರೆಂಟು ಹೋದರೆ ಆಡುವವನು ಗಳಿಸಿದ್ದೆಲ್ಲ ಮಾಯವಾಗುತ್ತಿತ್ತು. ಕರೆಂಟು ಹೋಗದ ಊರುಗಳಲ್ಲಿ ಕೂತು ಬರೆದವರಿಗೆ ಅದು ಹೊಳೆದಿರಲಿಲ್ಲ.

ಪೂಜಿತಾಗೆ ಹೊಳೆಯಿತು. ಆಟಗಾರ ಮರಳಿ ಬರುವವರೆಗೆ ಅವನ ಗಂಟನ್ನು ಸರ್ವರ್ ಕಾದಿಡುವ ಹಾಗೆ ಮಳೆಗಾಲವೆಲ್ಲ ಕೂತು ಕೋಡ್ ಬರೆದಳು. ಗಿರಣಿಯಲ್ಲಿ ನೆಟ್ ಇರಲಿಲ್ಲ. ಯಾರು ಒಯ್ದರೇನು ಎಂದುಕೊಂಡು, ಪೆನ್‌ಡ್ರೈವ್‌ನಲ್ಲಿ ಹಾಕಿ ಆಟದವರಿಗೆ ಕಳಿಸಲು ಮನೋಹರನ ಕೈಗೆ ಕೊಟ್ಟಳು. ಬರೆದವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದಳು.

ಆಟದ ಕೋಡ್ ನೋಡಿಕೊಳ್ಳುವ ಹಿರಿಯರು ಅದನ್ನು ಸೇರಿಸಿಕೊಂಡರು. ಮೇಲೆ ಮನೋಹರನ ಹೆಸರಿತ್ತು.

"ಹೆಸರಿಲ್ಲದ್ದು ತಗಳಂಗಿಲ್ಲಂತ. ಅದಕ ನಂದು ಹಾಕೀನಿ," ಎಂದ ಅವನು. "ತಾತನ ಚೀಲಕ್ಕ ಹೆಸರೈತೇನು? ನಿನಗ್ಯಾಕ ಬೇಕವ್ವ?"

ಅವಳು ನಕ್ಕಳು. ಮತ್ತೆ ಬರೆದಳು, ಮತ್ತೆ ಕೊಟ್ಟಳು. ವರ್ಷ ತಿರುಗುವುದರೊಳಗೆ ಆ ಹಿರಿಯರು ಮನೋಹರನನ್ನು ತಮ್ಮಲ್ಲೊಬ್ಬನನ್ನಾಗಿ ಮಾಡಿಕೊಂಡರು. ಅವನಿಗೆ ಕೋಡ್‌ನ ಒಂದು ಸಾಲೂ ತಿಳಿಯುತ್ತಿರಲಿಲ್ಲ. ಆ ಪಂಕ್ತಿಯಲ್ಲಿ ಕೂರುವ ಆಸೆ ತನಗಿತ್ತು ಎಂಬುದು, ಅಲ್ಲಿ ಇನ್ನೊಬ್ಬ ಕೂತ ಮೇಲೆ ಪೂಜಿತಾಗೆ ತಿಳಿಯಿತು.

ಹೊಸಪೇಟೆಯಲ್ಲಿ ಅದಿರಿನ ಮಾಲೀಕರೊಬ್ಬರು ಅವನಿಗೆ ಸನ್ಮಾನ ಇಟ್ಟರು. ಶಾಲು ಹೊದಿಸಿದವನು ಕೊಟ್ರಯ್ಯನೇ. ಹೆಂಗಸರ ಕುರ್ಚಿಗಳ ಸಾಲಿನಲ್ಲಿ ಕೂತು ಪೂಜಿತಾ ಚಪ್ಪಾಳೆ ತಟ್ಟಿದಳು.

ಆಮೇಲೆ ಅವಳ ಕೋಡ್‌ನಲ್ಲೇ ಒಂದು ತಪ್ಪು ಅವಳ ಕಣ್ಣಿಗೆ ಬಿತ್ತು. ಇಬ್ಬರ ಕರೆಂಟು ಒಟ್ಟಿಗೆ ಹೋದರೆ ಒಬ್ಬನ ಗಂಟು ಇನ್ನೊಬ್ಬನಿಗೆ ಸೇರುತ್ತಿತ್ತು. ತಿದ್ದಿ ಮನೋಹರನ ಹತ್ತಿರ ಒಯ್ದಳು.

"ಈಗ ಬ್ಯಾಡ," ಎಂದ. "ಮೊನ್ನೆ ಶಾಲು ಹಾಕ್ಯಾರ. ಇವತ್ತು ತಪ್ಪೈತಿ ಅಂದ್ರ ನನ್ನ ಮಕ ಏನಾಗಬೇಕು?"

"ಆಡೋರದು ಹೋಗ್ತೈತಲ್ಲಣ್ಣ."

"ಆಟದಾಗಿನ ಗಂಟು ಅದು. ಯಾರ ಮನಿ ಮುಳಗಂಗಿಲ್ಲ."

ಅವಳು ಕಮಲಾಪುರಕ್ಕೆ ಬಸ್ಸು ಹಿಡಿದು, ಹಂಪಿ ನೋಡಲು ಬಂದ ಪರದೇಶದವರ ನಡುವೆ ಅಲ್ಲಿಯ ಇಂಟರ್ನೆಟ್ ಸೆಂಟರ್‌ನ ಒಂದು ಕಂಪ್ಯೂಟರ್ ಮುಂದೆ ಕೂತು, ತಿದ್ದಿದ್ದನ್ನು ತಾನೇ ಕಳಿಸಿದಳು. ಮೊದಲ ಸಲ ತನ್ನ ಹೆಸರು ಬರೆದಳು. ಹಿಂದಿನದನ್ನೂ ಬರೆದದ್ದು ನಾನೇ ಎಂದು ವಿನಯದಿಂದ ಸೇರಿಸಿದಳು.

ಹಿರಿಯರ ಉತ್ತರ ಬಂತು. ಈ ಬರವಣಿಗೆ ಮನೋಹರನದೇ ರೀತಿಯಲ್ಲಿದೆ, ಬೇರೆಯವರ ಕೆಲಸವನ್ನು ತನ್ನದೆನ್ನುವುದು ಇಲ್ಲಿಯ ಕ್ರಮವಲ್ಲ, ಅವರನ್ನೇ ಕೇಳುತ್ತೇವೆ ಎಂದಿದ್ದರು. ಅದರ ಕೆಳಗೆ ಮನೋಹರ್ ಎಲ್ಲರೂ ಓದುವ ಹಾಗೆ ಬರೆದಿದ್ದ: ಅವಳು ನನ್ನ ತಂಗಿ, ನನ್ನಿಂದ ಕಲಿಯುತ್ತಿದ್ದಾಳೆ, ಹುಡುಗಿಯ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಹಿರಿಯರು ಅವನ ದೊಡ್ಡ ಮನಸ್ಸನ್ನು ಮೆಚ್ಚಿದರು. ತಿದ್ದುಪಡಿ ಸೇರಿತು. ಮನೋಹರ್, ತಂಗಿಯ ನೆರವಿನಿಂದ, ಎಂದು ಅಲ್ಲಿ ದಾಖಲಾಯಿತು.

ಸೋಮವಾರ ಮಠಕ್ಕೆ ಅಕ್ಕಿ ಒಯ್ಯಲು ಮನೋಹರ್ ಹೊಸ ಜೀಪು ತಂದು ಗಿರಣಿಯ ಬಾಗಿಲಿಗೆ ನಿಲ್ಲಿಸಿದ. ಪೂಜಿತಾ ತುಂಬಿಟ್ಟ ಚೀಲವನ್ನು ಕೊಟ್ರಯ್ಯ ನೋಡಿದ.

"ಗುರುತು ಹೊರಗ ಐತಲ್ಲವ್ವ."

"ಇರಲಿ ತಾತ."

"ಶಿವನಿಗೆ ಕೊಡೋದು ಅದು. ಅವಗ ಗೊತ್ತಿಲ್ಲೇನು?"

"ಶಿವಗ ಗೊತ್ತೈತಿ ತಾತ. ನಡುವ ಹೊತ್ಕಂಡು ಹೋಗೋರು ಅದಾರಲ್ಲ, ಅವ್ರಿಗೆ ನೆನಪಿರಲಿ ಅಂತ."

ಜೀಪಿನ ಹತ್ತಿರ ನಿಂತಿದ್ದ ಮನೋಹರ್ ಮೊಬೈಲ್ ತೆಗೆದು ನೋಡತೊಡಗಿದ. ಕೊಟ್ರಯ್ಯ ಒಮ್ಮೆ ಅವನ ಕಡೆ, ಒಮ್ಮೆ ಅವಳ ಕಡೆ ನೋಡಿದ. ನೆಲದ ಮೇಲೆ ತಾಡಪತ್ರಿ ಹಾಸಿ, ಚೀಲವನ್ನು ಬಗ್ಗಿಸಿ ಅಕ್ಕಿಯನ್ನೆಲ್ಲ ಸುರಿದ. ಖಾಲಿ ಚೀಲವನ್ನು ತಾನೇ ತಿರುವತೊಡಗಿದ. ಮುದುಕ ಎಷ್ಟು ಎಳೆದರೂ ಮೂಲೆಗಳು ಹೊರಗೆ ಬರಲಿಲ್ಲ.

ಪೂಜಿತಾ ತಾತನ ಕೈಯಿಂದ ಚೀಲ ತೆಗೆದುಕೊಂಡು, ಮೂಲೆಗಳನ್ನು ಹೊರಗೆಳೆದು, ಅಕ್ಕಿ ತುಂಬಲು ಬಾಯಿ ಅಗಲಿಸಿ ಹಿಡಿದಳು.